ರುಕ್ಮಿಣಿ ಬಡಿಸಿದ ತೀರ್ಥ

ರುಕ್ಮಿಣಿ ಸೇಡು ತೀರಿಸಿಕೊಂಡದ್ದು ಗಂಡನ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ. ಅದು ತಪ್ಪೆಂದು ಬರೋಡಾದ ನಮ್ಮವರಲ್ಲಿ ಕೆಲವರು ಇವತ್ತಿಗೂ ಗೊಣಗುತ್ತಾರೆ. ಗೊಣಗಲಿ. ಆ ಪಂಕ್ತಿಯಲ್ಲಿ ನಾನೂ ಕೂತಿದ್ದೆ, ನನಗೇನೂ ತಪ್ಪು ಕಾಣಲಿಲ್ಲ.

ಆಕೆ ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಜನಾರ್ದನ ಅಲ್ಕಾಪುರಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ. ಆಕೆ ಗೋರ್ವಾದ ಬಾಡಿಗೆ ಕೋಣೆಯಲ್ಲಿ ಹಪ್ಪಳ ಒತ್ತಿ, ವರ್ಗವಾಗಿ ಬಂದ ನಮ್ಮಂಥ ಬ್ಯಾಂಕಿನವರ ಮನೆಗಳಿಗೆ ಕೊಡುತ್ತಿದ್ದಳು. ಒಂದನ್ನು ಸುಟ್ಟು ರುಚಿ ತೋರಿಸದೆ ಹೊಸ್ತಿಲು ದಾಟುವವಳಲ್ಲ. ಮಕ್ಕಳಾಗಲಿಲ್ಲ, ಕಾರ್ಖಾನೆಗೆ ಹೋಗುವ ಮೈದುನ ವಿಠ್ಠಲನನ್ನೇ ಮಗನ ಹಾಗೆ ನೋಡಿಕೊಂಡಳು.

ಗುಜರಾತಿನಲ್ಲಿ ಪಾನನಿಷೇಧ ಇತ್ತು, ನಿಜ. ಆದರೆ ಹೋಟೆಲಿನ ಮ್ಯಾನೇಜರ್ ಬಾಲಚಂದ್ರನ ದಯೆಯಿಂದ ಕಳ್ಳಭಟ್ಟಿ ಸಾರಾಯಿ ಸೈಕಲ್ ಟ್ಯೂಬಿನೊಳಗೆ ಕೂತು ಹಿತ್ತಲಿಗೆ ಬರುತ್ತಿತ್ತು. ಆ ಮಹಾಶಯ ಏಕಾದಶಿ ತಪ್ಪಿಸುವವನಲ್ಲ, ಒಂದು ತೊಟ್ಟು ಬಾಯಿಗೆ ಹಾಕಿದವನೂ ಅಲ್ಲ. ದಿನವಿಡೀ ಕಾವಲಿಯ ಮುಂದೆ ಬೆಂದವರಿಗೆ ಮಾತ್ರ ಮೈಕೈ ನೋವಿಗೆ ಒಳ್ಳೆಯದೆಂದು ಮಾರುತ್ತಿದ್ದ. ಜನಾರ್ದನ ಮೊದಮೊದಲು ಕದ್ದು ಕುಡಿದ, ಆಮೇಲೆ ಕೂಗಾಡಿ ಕುಡಿದ. ಹೆಂಡತಿಯ ಬೆನ್ನಲ್ಲಿ ಬಾಸುಂಡೆ ಎದ್ದವು.

ಅರವತ್ತನಾಲ್ಕರ ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಅವನು "ದೀಪ ಹಚ್ಚೇ, ಕತ್ತಲೆ" ಎಂದು ಗೋಡೆ ತಡವಿದ. ಸಂಜೆಯೊಳಗೆ ಸತ್ತ. ಎದೆ ನಿಂತು ಹೋಯಿತೆಂದು ಎಲ್ಲರಿಗೂ ಸಾರಿದವನು ಬಾಲಚಂದ್ರ. ಗಂಡನ ಕಣ್ಣು ಹೋದ ಸಂಗತಿಯನ್ನು ರುಕ್ಮಿಣಿ ಯಾರಿಗೂ ಹೇಳಲಿಲ್ಲ. ಸೂತಕ ಕಳೆಯುವ ಮೊದಲೇ ವಿಠ್ಠಲನ ಬಾಯಿಂದಲೂ ಅದೇ ವಾಸನೆ ಬಂತು. ಆಕೆ ಅಳುವುದನ್ನು ನಿಲ್ಲಿಸಿದ್ದು ಆವತ್ತು. ಇವನನ್ನೂ ಆ ಪಾಪಿಗೆ ಬಿಟ್ಟುಕೊಡಬಾರದು ಎಂಬ ಹಟ ಹುಟ್ಟಿತು.

ಸಮಾರಾಧನೆಯ ದಿನ ಬಾಲಚಂದ್ರನನ್ನು ತಾನೇ ಹೇಳಿ ಕಳಿಸಿ ಮೊದಲ ಎಲೆಗೆ ಕೂರಿಸಿದಳು. ಗೋಪೀಚಂದನ ಹಚ್ಚಿಕೊಂಡು ಬಂದವನು, ಜನಾರ್ದನ ತನಗೆ ತಮ್ಮನಿದ್ದ ಹಾಗೆ ಎಂದು ಕಣ್ಣೊರೆಸಿಕೊಂಡ. ನನಗೆ ಅವನ ಕೆನ್ನೆಗೆ ಬಾರಿಸುವ ಹಾಗಾಯಿತು. ಬಡಿಸಿ ಆಗಿತ್ತು, ಅಂಗೈಗೆ ತೀರ್ಥ ಬಿದ್ದ ಮೇಲೆಯೇ ಊಟ. ಗಂಡ ಸತ್ತವಳು ಆ ದಿನ ಪಂಕ್ತಿಯ ಮುಂದೆ ಸುಳಿಯುವಂತಿಲ್ಲ. ರುಕ್ಮಿಣಿ ನೇರವಾಗಿ ಬಂದಳು. ಪುರೋಹಿತರು ಬಾಯಿ ತೆರೆಯುವಷ್ಟರಲ್ಲಿ, ಗಂಡ ಕುಡಿದು ಉಳಿಸಿದ್ದ ಬಾಟಲಿಯನ್ನು ಬಾಲಚಂದ್ರನ ಅಂಗೈಗೆ ಬಗ್ಗಿಸಿದಳು.

"ಕುಡಿಯಿರಿ ಬಾಲಣ್ಣ. ನೀವೇ ಕೊಟ್ಟದ್ದಲ್ವಾ?"

ಅವನು ಕೆಂಡ ಮುಟ್ಟಿದವನ ಹಾಗೆ ಕೈ ಕೊಡವಿದ. "ನಿನಗೆಂತ ಮರುಳಾ? ಇದು ಕುಡಿದ್ರೆ ಕಣ್ಣು ಹೋಗ್ತದೆ!"

"ಹೌದು, ಇವರದ್ದು ಹೋಗಿತ್ತು. ನಾನು ಯಾರ ಹತ್ರವೂ ಹೇಳ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ವಿಠ್ಠಲ ತನ್ನ ಎಲೆ ಬಿಟ್ಟು ಎದ್ದ. ಆಮೇಲೆ ನಾನೆದ್ದೆ, ನಂತರ ಇಡೀ ಪಂಕ್ತಿ. ಎಲೆ ಎದುರು ಕೂತು ಉಳಿದವನು ಬಾಲಚಂದ್ರನೊಬ್ಬನೇ. ಹೋಟೆಲಿನ ಯಜಮಾನರು ಅದೇ ವಾರ ಅವನನ್ನು ಹೊರಗೆ ಹಾಕಿದರು. ಅಹಮದಾಬಾದಿಗೆ ಹೋಗಿ ನರೋಡಾದ ಕ್ಯಾಂಟೀನುಗಳಲ್ಲಿ ಕೆಲಸ ಕೇಳಿದನಂತೆ. ಸುದ್ದಿ ಅವನಿಗಿಂತ ಮುಂಚೆ ಅಲ್ಲಿ ತಲುಪಿತ್ತು. ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ವಿಠ್ಠಲ ಮತ್ತೆ ಅದನ್ನು ಮುಟ್ಟಲಿಲ್ಲ.

ಆ ದಿನ ಅನ್ನವನ್ನೆಲ್ಲ ದನಗಳಿಗೆ ಹಾಕಬೇಕಾಯಿತು. ಪುರೋಹಿತರು ತಡೆಯಲಾರದೆ ಗದರಿಸಿದರು. "ಬ್ರಾಹ್ಮಣರು ಉಣ್ಣದೆ ಎದ್ದರು. ನಿನ್ನ ಗಂಡ ಇನ್ನು ವೈಕುಂಠದ ಬಾಗಿಲಲ್ಲೇ ನಿಲ್ಲಬೇಕಲ್ಲ ಮಾರಾಯ್ತಿ!"

ಖಾಲಿ ಪಾತ್ರೆ ಎತ್ತುತ್ತಿದ್ದ ರುಕ್ಮಿಣಿ ತಿರುಗಿಯೂ ನೋಡಲಿಲ್ಲ.

"ನಿಲ್ಲಲಿ ಭಟ್ರೇ. ನಾನು ಎಷ್ಟು ವರ್ಷ ಬಾಗಿಲಲ್ಲಿ ನಿಂತು ಕಾದಿದ್ದೇನೆ ಅಂತ ಅವರಿಗೂ ಸ್ವಲ್ಪ ಗೊತ್ತಾಗಲಿ."