ದೊಡ್ಡಮ್ಮನಿಗೆ ಅಡ್ಡ ಬಂದ ಬೆಕ್ಕಿನ ಮರಿ

ನಾನು ನಿಂತಿದ್ದದ್ದು ಬೇಲೂರಿನ ನಮ್ಮ ಮನೆಯ ಜಗಲಿಯ ಕೆಳಗೆ, ಕೊನೆಯ ಮೆಟ್ಟಿಲಿನಿಂದ ಈಚೆಗೆ. ಹೊತ್ತು ಬೆಳಗಿನ ಅಡುಗೆಯದು. ಪಕ್ಕದ ಮನೆಯ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು. ಕೈಯಲ್ಲಿ ಬೆತ್ತದ ಬುಟ್ಟಿ, ಅದರೊಳಗೆ ಎರಡು ಪರ್ಷಿಯನ್ ಬೆಕ್ಕಿನ ಮರಿ. ಇದನ್ನೆಲ್ಲ ಯಾಕೆ ಇಷ್ಟು ಬಿಡಿಸಿ ಹೇಳುತ್ತೀರಿ ಎಂದು ಕೇಳಬೇಡಿ. ನಮ್ಮ ನೆಂಟರು ಈ ಕಥೆಯನ್ನು ಮದುವೆಮನೆಗಳಲ್ಲಿ ತಮಗೆ ರುಚಿಸಿದಂತೆ ಬಡಿಸುತ್ತಿದ್ದಾರೆ. ಇವತ್ತು ಇಸ್ತ್ರಿಯಾಗಿ ಬಂದ ಪಂಚೆಯ ಮೇಲೆ ಬೆಕ್ಕಿನ ಒಂದು ಬಿಳಿ ಕೂದಲು ಕಂಡಿತು. ನೋಡಿದವನೇ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಆಸೆ ನನ್ನ ಹೆಂಡತಿ ಸರೋಜಳದು, ಅಲೆದಾಟ ನನ್ನದು. ಪುಣೆಯಿಂದ ಅರಸೀಕೆರೆಯವರೆಗೆ ರೈಲಿನಲ್ಲಿ ಮರಿಗಳು ಕೂಗಿದವು, ನಾನು ಎದುರಿನ ಸೀಟಿನವರ ಕ್ಷಮೆ ಕೇಳಿದೆ. ಹಳೇಬೀಡಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಬುಟ್ಟಿಯೊಳಗೆ ಇಣುಕಿ, "ಮೂತಿ ಯಾಕ್ ಸಾ ಹಿಂಗೆ ಒಳಕ್ಕೋಗೈತೆ? ಡ್ರೈವರ್ ಬ್ರೇಕ್ ಹಾಕ್ದಾಗ ಗುದ್ಕೊಂಡ್ವಾ?" ಎಂದು ಮರುಗಿದ.

ಮನೆಯಲ್ಲಿದ್ದದ್ದು ದೊಡ್ಡಮ್ಮ. ನನ್ನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವರು. ಮರಿಗಳಿಗೆ ವಂಶಾವಳಿಯ ಕಾಗದವೂ ಬರುತ್ತದೆ ಎಂದಾಗ, "ಬೆಕ್ಕಿಗೂ ಗೋತ್ರ ಐತಾ? ನಿನ್ನ ಮದ್ವೇಲೂ ಇಷ್ಟು ವಿಚಾರ್ಸಿರ್ಲಿಲ್ವಲ್ಲೋ!" ಎಂದಿದ್ದರು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಅವು ಈ ಹೊಸಿಲು ದಾಟಿದ ದಿನ ನಾನು ಗೆಂಡೆಹಳ್ಳಿಗೆ, ನನ್ನ ತಮ್ಮನ ಮನೆಗೆ ಹೊಂಟೋಯ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಸೇರಿಸಿಬಿಟ್ಟರು. ಸರೋಜಳೂ ಸೋಲುವವಳಲ್ಲ. "ಅವರಿಷ್ಟ" ಎಂದಳು.

ಅಂತೂ ಆವತ್ತು ಸರೋಜ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅರಿಸಿನಕ್ಕೆ ಸುಣ್ಣ ಕಲೆಸಿದ ಕೆಂಪು ನೀರು, ನಡುವೆ ದೀಪ.

"ಸೊಸೆ ಬಂದಾಗ ಎತ್ತೋ ಆರತಿ ಕಣೇ ಅದು!" ಎನ್ನುತ್ತಾ ದೊಡ್ಡಮ್ಮ ಕೈಚೀಲ ಹಿಡಿದು ಹೊರಗೆ ಬಂದರು. ನನ್ನನ್ನು ಇಳಿಸಿದ ಆಟೋ ಇನ್ನೂ ಅಲ್ಲೇ ಇತ್ತು. "ನಂಜೇಗೌಡ, ಬಸ್‌ ಸ್ಟ್ಯಾಂಡಿಗೆ ಬಿಡಪ್ಪ."

ಬುಟ್ಟಿ ಜಗಲಿಯ ಮೇಲಿಟ್ಟೆ. ಮುಚ್ಚಳ ಸರಿಯಿತು, ಒಂದು ಮರಿ ಹಾರಿ ದೊಡ್ಡಮ್ಮನ ಮುಂದೆಯೇ ಅಡ್ಡ ಓಡಿ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸೇರಿಕೊಂಡಿತು.

"ಬೆಕ್ಕು ಅಡ್ಡ ಬಂತು ಕಣಮ್ಮೋ. ನಾನಂತೂ ಗಾಡಿ ತೆಗೆಯಾಕಿಲ್ಲ" ಎಂದ ನಂಜೇಗೌಡ.

ಬೆಕ್ಕು ಅಡ್ಡ ಬಂದರೆ ವಾಪಸು ಹೋಗಿ, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ದೊಡ್ಡಮ್ಮ ಹಾಗೆಯೇ ಮಾಡಿ ಮತ್ತೆ ಜಗಲಿಯ ಅಂಚಿಗೆ ಬಂದರು. ಈಗ ದಾರಿ ತೆರವಾಗಿತ್ತು. ಅವರು ಇಳಿಯಲಿಲ್ಲ. ಯಾರಾದರೂ "ಇರಿ" ಅಂದಾರು ಎಂದು ಕಾದಂತಿತ್ತು. ನಂಜೇಗೌಡ ಹ್ಯಾಂಡಲ್ ಒರೆಸುತ್ತಿದ್ದ. ಸರೋಜ ಅವರ ಬೆನ್ನ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಗಾಳಿಗೆ ಕೈ ಅಡ್ಡ ಹಿಡಿದು ದೀಪವನ್ನೇ ನೋಡುತ್ತಿದ್ದಳು. ನಾನು ಇನ್ನೊಂದು ಮರಿ ಹೊರಗೆ ಬಾರದಂತೆ ಬುಟ್ಟಿಯ ಮುಚ್ಚಳ ಒತ್ತಿ ಹಿಡಿದಿದ್ದೆ.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ. ದೊಡ್ಡಮ್ಮನ ಕಣ್ಣು ಎದುರಿನ ತೆಂಗಿನ ಮರದ ಮೇಲಿತ್ತು. ಕೈ ಮಾತ್ರ ಸೆರಗಿನ ತುದಿಯನ್ನು ನೆಲಕ್ಕೆ ಇಳಿಬಿಟ್ಟಿತು. ಸೆರಗು ಚಪ್ಪಲಿ ಸ್ಟ್ಯಾಂಡಿನ ಕಡೆ ಒಂದಿಷ್ಟು ಹೋಯಿತು, ಅಲ್ಲಾಡಿತು, ಮೆಲ್ಲಗೆ ಈ ಕಡೆಗೆ ಜಾರಿತು. ಮರಿ ಅದರ ಬೆನ್ನಟ್ಟಿ, ಮೆಟ್ಟಿಲಿಗೆ ಅಡ್ಡವಾಗಿ, ಈ ತುದಿಯಿಂದ ಆ ತುದಿಗೆ ಓಡಿತು.

"ಥೂ, ಮುಂಡೇದು! ಮತ್ತೆ ಅಡ್ಡ ಬಂತಲ್ಲೋ. ಇನ್ನು ಇವತ್ತು ಪ್ರಯಾಣ ಆದಂಗೇ" ಎಂದು ದೊಡ್ಡಮ್ಮ ಚೀಲ ಕೆಳಗಿಟ್ಟರು. "ಲೇ ಸರೋಜಾ, ಆರತಿ ಎತ್ತೇ. ದೀಪ ಆರೋಗ್ತದೆ."

ಆಮೇಲೆ ಅವರು ಗೆಂಡೆಹಳ್ಳಿಗೆ ಹೋದದ್ದು ನೆಂಟರಾಗಿ ಮಾತ್ರ. ಸೆರಗಿನ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಈಗ ಇಷ್ಟು ಬರೆದು ಸರೋಜಳಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದಳು.

"ಒಂದು ಬಿಟ್ಟೋಗಿದೆ ಕಣ್ರೀ. ಸೆರಗು ಅಲ್ಲಾಡಿಸಿದ್ರೂ ಆ ಪೆದ್ದು ಮರಿ ಅಲ್ಲಾಡ್ಲಿಲ್ಲ. ನಾನೇ ಹಿಂದಿನಿಂದ ಕಾಲಲ್ಲಿ ಒಂಚೂರು ತಳ್ಳಿದೆ."

ಅಷ್ಟು ಹತ್ತಿರ ನಿಂತೂ ನನಗೆ ಅದು ಕಂಡಿರಲಿಲ್ಲ. ಆದ್ದರಿಂದ ತಿದ್ದಿ ಬರೆಯುತ್ತಿದ್ದೇನೆ. ದೊಡ್ಡಮ್ಮ ಈಗಿಲ್ಲ. ನೋಡಿದವರಲ್ಲಿ ಬದುಕಿರುವವರು ಆಟೋದ ನಂಜೇಗೌಡ ಮತ್ತು ನನ್ನ ಹೆಂಡತಿ ಸರೋಜ. ಅರ್ಧ ನೋಡಿದವನು ನಾನು.