ದಾರಿಯಲ್ಲೇ ಬಿದ್ದುಹೋದ ‘ಅರ್ಜೆಂಟ್’

“ನೀವು ಕಳಿಸಿದೀವಿ ಅಂತೀರ ಮೇಡಂ, ಇಲ್ಲಿ ಒಂದ್ರಲ್ಲೂ ಅರ್ಜೆಂಟ್ ಅಂತ ಬರ್ತಿಲ್ಲ” ಎಂದು ಮಾರತ್ತಹಳ್ಳಿಯ ಲ್ಯಾಬಿನಿಂದ ಶಾಂತಕ್ಕ ಮತ್ತೆ ಫೋನ್ ಮಾಡಿದಾಗ ನನಗೆ ರೇಗಿಹೋಯಿತು.

ಆಸ್ಪತ್ರೆಯ ರಕ್ತಪರೀಕ್ಷೆಯ ಕೋರಿಕೆಗಳನ್ನು ಆ ಲ್ಯಾಬಿಗೆ ತಲುಪಿಸುವ ತಂತ್ರಾಂಶ ನಾನು ಬರೆದದ್ದು. ಲಕೋಟೆಯ ಮೇಲೆ ಬರೆಯುವಂತೆ, ಅವಸರದ ಪ್ರತಿ ಸಂದೇಶದ ಹೆಡರ್‌ನಲ್ಲಿ ‘ಅರ್ಜೆಂಟ್’ ಗುರುತು ಹಾಕಿದ್ದೆ. ನಮ್ಮಿಂದ ಹೊರಡುವಾಗ ಇದ್ದದ್ದು ಅಲ್ಲಿ ಮಾಯ. ಮೂರು ದಿನ ನಾನೂ, ಸಂದೇಶಗಳು ಹಾದುಹೋಗುವ ನಡುವಿನ ಸರ್ವರ್ ನೋಡಿಕೊಳ್ಳುವವರೂ ತಪ್ಪು ನಿಮ್ಮದೇ ಎಂದು ವಾದಿಸಿದ್ದೇ ಬಂತು.

ಕೊನೆಗೆ ಸಿಟ್ಟಿನಲ್ಲೇ ಲ್ಯಾಬಿಗೆ ಹೋದೆ. ಶಾಂತಕ್ಕ ಪ್ರತಿ ಕೋರಿಕೆಗೂ ಆಸ್ಪತ್ರೆಗೆ ಫೋನ್ ಮಾಡಿ, ಅವಸರದ್ದು ಯಾವುದೆಂದು ಕೇಳಿ ಬರೆದುಕೊಳ್ಳುತ್ತಿದ್ದರು. “ಇನ್ನೇನ್ ಮಾಡ್ಲಿ? ಬೆಳಿಗ್ಗೆ ಒಬ್ಬ ಬಾಣಂತಿದು ಅರ್ಜೆಂಟ್ ಇತ್ತು” ಎಂದರು.

ಅಲ್ಲೇ ಕೂತು ಹುಡುಕಿದೆ. ಗುರುತಿನ ಹೆಸರಿನಲ್ಲಿ ನಾನು ಬಳಸಿದ್ದ ಅಂಡರ್‌ಸ್ಕೋರ್ ಎಂಬ ಅಡಿಗೆರೆ ನಡುವಿನ ಸರ್ವರ್‌ಗೆ ಒಗ್ಗದೆ, ಅದು ಆ ಗುರುತನ್ನೇ ಸದ್ದಿಲ್ಲದೆ ಬಿಸಾಡುತ್ತಿತ್ತು. ಹೆಸರು ಬದಲಿಸಿದ ಕೂಡಲೇ ‘ಅರ್ಜೆಂಟ್’ ತೆರೆಯ ಮೇಲೆ ಮೂಡಿತು.

“ಇನ್ನು ಫೋನ್ ಮಾಡೋದು ಬೇಡ” ಎಂದೆ. “ಇನ್ನೆರಡು ದಿನ ಮಾಡ್ತೀನಿ ಬಿಡಿ ಮೇಡಂ” ಎಂದರು ಶಾಂತಕ್ಕ. ನನ್ನನ್ನು ನಂಬಿ ಎನ್ನುವ ಬದಲು ಫೋನನ್ನು ಅವರ ಕಡೆ ಸರಿಸಿದೆ.