ಎತ್ತಿ ನೋಡ್ರಿ ಚಾಚಾ

ಗರಗಸದ ಬ್ಲೇಡ್ ಆರಿಸೋದ್ರಾಗ ವಾಡಿ ಊರು ಪೂರಾ ನನ್ನಂಥಾ ಬಡಿಗ್ಯಾ ಇಲ್ಲಂತ ನಾನೇ ಹೇಳ್ಕೊಂತೀನಿ. ಒಮ್ಮೆ ಶಹಾಬಾದಿನ ಚಾಚಾ ಒಬ್ರು ಹಳೇ ಸಾಗವಾನಿ ಹಲಗಿ ತಂದ್ರು. ಅವ್ರು ನೆಲಕ್ಕ ಹಾಸೂ ಫರ್ಸಿ ಕಲ್ಲು ಕೊಯ್ಯೋರು.

"ನಮ್ಮ ಅಮ್ಮಿಯ ಪೆಟಗಿ ಮುಚ್ಚಳ ಇದು. ಕಪಾಟಿನ ಬಾಗಿಲಕ್ಕ ಹೂವಿನಾಕಾರದ ತೂತು ತಗದು ಜಾಲಿ ಕೊರಿ ಬೇಟಾ. ಕೆಟ್ರ ಇನ್ನೊಂದಿಲ್ಲ," ಅಂದ್ರು.

ನಾನು ಸಣ್ಣ ನಕ್ಷಿ ಕೊರಿಯೂ ಸ್ಕ್ರಾಲ್ ಸಾ ಮಷೀನಿಗೆ ದಾರದಂಥಾ ಬ್ಲೇಡ್ ಹಾಕಾಕತ್ತಿದ್ದು ನೋಡಿ ಚಾಚಾ ಗಾಬರಿಯಾದ್ರು. "ಕಲ್ಲಿಗೆ ನಾವು ಗಾಲಿಯಷ್ಟು ದೊಡ್ಡ ಬ್ಲೇಡ್ ಹಾಕ್ತೀವಿ. ಇದು ಹಲಗಿ ಕೊಯ್ತದೇನು? ಹಲಗೀನೇ ಇದನ್ನ ಮುರೀತದ!"

"ದಪ್ಪ ಬ್ಲೇಡ್ ಸಣ್ಣ ತಿರುವಿನಾಗ ಹೊಳ್ಳಂಗಿಲ್ರಿ, ಎಸಳು ಹಾರಿ ಹೋಗ್ತಾವ. ನೀವು ಚಹಾ ಕುಡದು ಬರ್ರಿ," ಅಂದೆ.

ಚಹಾದ ಜೊತಿಗೆ ನಮಾಜೂ ಮುಗಿಸಿ ಬಂದ್ರು. ಹಲಗಿ ಮೇಜಿನ ಮ್ಯಾಲ ಮೊದಲಿನಂಗೇ ಇತ್ತು, ಕೊರೆದ ಗೆರಿ ಕಣ್ಣಿಗೆ ಬೀಳೂಹಂಗಿದ್ದಿಲ್ಲ.

"ಇನ್ನೂ ಕೈನೇ ಹಚ್ಚಿಲ್ಲಲ್ಲೋ!" ಅಂತ ಸಿಟ್ಟಾದ್ರು.

"ಎತ್ತಿ ನೋಡ್ರಿ ಚಾಚಾ."

ಎತ್ತಿದ್ರು. ಕೊರೆದು ಬಿಡಿಸಿದ ಹೂವೆಲ್ಲಾ ಮೇಜಿನ ಮ್ಯಾಲೇ ಉಳದ್ವು, ಜಾಲಿ ಅವ್ರ ಕೈಯಾಗ ಬಂತು. ಒಂದೊಂದು ಹೂವೂ ಅದರ ತೂತಿನಾಗ ವಾಪಸ್ ಕೂಡಿಸಿ ಮತ್ತೊಮ್ಮೆ ಎತ್ತಿದ್ರು.

ಆ ಜಾಲಿ ಇನ್ನೂ ಕಪಾಟಿಗೆ ಹತ್ತಿಲ್ಲಂತ. ಹೂವು ತುಂಬಿಸಿ ಪಡಸಾಲ್ಯಾಗ ಮೇಜಿನ ಮ್ಯಾಲ ಇಟ್ಕೊಂಡಾರ. ಮನಿಗೆ ಬಂದವ್ರಿಗೆ ನೀರು ಕೊಡೂಕಿಂತಾ ಮೊದ್ಲು "ಎತ್ತಿ ನೋಡ್ರಿ" ಅಂತಾರಂತ.